ಹಿತ್ತಿಲ ಬಾಗಿಲಿಲ್ಲದ ಮನೆ

ರಾಮನಗರದಲ್ಲಿ ಸಾಮಾನು ಇಳಿಸಿದ ಮರುದಿನ ಬೆಳಿಗ್ಗೆ, ಬೀದಿ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ನನ್ನನ್ನು ಪಕ್ಕದ ಮನೆಯ ಹೆಂಗಸು ಎಲ್ಲರ ಎದುರಿಗೇ ಕೇಳಿದಳು.

“ಅಣ್ಣಾ, ಅಕ್ಕಂಗೆ ಜನ ಕಂಡ್ರೆ ಭಯಾನಾ? ನಿನ್ನೆ ನಾನು ಟೀ ತಂದ್ರೆ ಬಾಗ್ಲು ಹಿಂದೆ ನಿಂತ್ಕೊಂಡು ನಡುಗ್ತಾ ಇದ್ರು. ಅದಕ್ಕೆ ದೊಡ್ಡಾಸ್ಪತ್ರೇಲಿ ಔಷ್ದಿ ಕೊಡ್ತಾರೆ. ನಮ್ ತಮ್ಮಂಗೂ ಅದೇ ಇತ್ತು.”

ನೀರಿಗೆ ನಿಂತಿದ್ದವರಲ್ಲಿ ಒಬ್ಬರೂ ತಲೆಯೆತ್ತಿ ನೋಡಲಿಲ್ಲ. ಯಾರಿಗೋ ಹಲ್ಲುನೋವು ಎಂದು ಕೇಳಿದಷ್ಟೇ ಸಲೀಸಾಗಿ ಬಿಂದಿಗೆ ಮುಂದಕ್ಕೆ ಸರಿಸಿದರು. ನನಗೆ ಮಾತ್ರ ನಡುಬೀದಿಯಲ್ಲಿ ಪಂಚೆ ಬಿಚ್ಚಿ ಬಿದ್ದಂತಾಯಿತು. ಬಿಂದಿಗೆ ತುಂಬುವ ಮೊದಲೇ ಮನೆಗೆ ಬಂದುಬಿಟ್ಟೆ.

ನಮ್ಮ ಸೋಲೂರು, ಮಾಗಡಿ ಕಡೆಯ ನಿಮಗೆ ನನ್ನ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಆ ಮಾತನ್ನು ಯಾರೂ ಹಾಗೆ ಆಡುವುದಿಲ್ಲ. ನನ್ನ ಹೆಂಡತಿ ಚಿಕ್ಕತಾಯಮ್ಮ ಮದುವೆಯಾಗಿ ಬಂದಾಗಿನಿಂದ ಹೊರಗಿನವರ ಎದುರು ಬಾಯಿ ಬಿಟ್ಟವಳಲ್ಲ. ಮದುವೆಮನೆಗೆ ಹೋದರೆ ಪಂಕ್ತಿಯಲ್ಲಿ ಕೂತು ಉಣ್ಣುತ್ತಿರಲಿಲ್ಲ, ಕೈ ನಡುಗಿ ತುತ್ತು ಎಲೆಗೇ ಬೀಳುತ್ತಿತ್ತು. ನೆಂಟರು ಬೀದಿ ಬಾಗಿಲಲ್ಲಿ ಕಾಲು ತೊಳೆಯುವ ಹೊತ್ತಿಗೆ ಅವಳು ಹಿತ್ತಿಲ ಬಾಗಿಲಿನಿಂದ ಕೊಟ್ಟಿಗೆ ಸೇರಿರುತ್ತಿದ್ದಳು. ಅಡುಗೆಯನ್ನು ನನ್ನ ಅತ್ತಿಗೆ ಬಡಿಸುತ್ತಿದ್ದರು, ಮಾತನ್ನು ನಾನು ಆಡುತ್ತಿದ್ದೆ. ಊರೆಲ್ಲ ಅವಳನ್ನು ಹೊಗಳುತ್ತಿತ್ತು. ರಂಗಪ್ಪನ ಹೆಂಡತಿ ಬಲು ಸಾಧು, ಅವಳ ದನಿ ಹೇಗಿದೆ ಎಂದೇ ಯಾರಿಗೂ ಗೊತ್ತಿಲ್ಲ ಎನ್ನುತ್ತಿದ್ದರು. ಆ ಹೊಗಳಿಕೆಯನ್ನು ನಾನು ನನ್ನದೆಂದೇ ತಿಳಿದು ಬೀಗಿದೆ.

ನಾನು ಎಸ್‌ಎಸ್‌ಎಲ್‌ಸಿ ಪಾಸಾದವನು. ಊರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿದ್ದೆ. ಚುನಾವಣೆಯಲ್ಲಿ ಬೇರೆ ಗುಂಪು ಗೆದ್ದಾಗ ಆ ಕುರ್ಚಿ ಹೋಯಿತು. ಅದೇ ಡೇರಿಗೆ ಮಾರನೆಯ ದಿನದಿಂದ ಕ್ಯಾನು ಹೊತ್ತು ಹೋಗುವುದು ನನ್ನಿಂದ ಆಗಲಿಲ್ಲ. ಆಗ ಬಿಡದಿ ಸುತ್ತ ಒಂದರ ಹಿಂದೆ ಒಂದು ಕಾರ್ಖಾನೆ ಏಳುತ್ತಿತ್ತು. ಒಬ್ಬ ಗುತ್ತಿಗೆದಾರ ಗೇಟು ಕಾಯಲು ವಯಸ್ಸಾದವರನ್ನೂ ತೆಗೆದುಕೊಳ್ಳುತ್ತಿದ್ದ. ಬಿಡದಿಯಲ್ಲಿ ಬಾಡಿಗೆ ಮುಟ್ಟುವಂತಿರಲಿಲ್ಲವಾಗಿ ರಾಮನಗರದಲ್ಲಿ ಮನೆ ಹಿಡಿದೆ. ಊರಿನಲ್ಲಿ ಮಾತ್ರ ಸೂಪರ್‌ವೈಸರ್ ಕೆಲಸ ಎಂದು ಹೇಳಿ ಹೊರಟೆ. ರಾಮನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ.

ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಯ ಮೂಲೆ. ಸಾಲಿನಲ್ಲಿ ಆರು ಮನೆ, ಎಲ್ಲದಕ್ಕೂ ಗಲ್ಲಿಗೆ ತೆರೆಯುವ ಒಂದೇ ಬಾಗಿಲು. ಹಿಂದೆ ರೇಷ್ಮೆ ಬಿಚ್ಚುವ ಶೆಡ್ಡಿನ ಗೋಡೆ. ಗೂಡು ಬೇಯಿಸುವ ವಾಸನೆ ಅನ್ನಕ್ಕೂ ಹಾಸಿಗೆಗೂ ಹತ್ತುತ್ತಿತ್ತು. ಮೊದಲ ತಿಂಗಳು ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಊರಿನಲ್ಲಿ ಬೆಳಿಗ್ಗೆ ಎದ್ದರೆ ತೆಂಗಿನ ಗರಿಯ ಸದ್ದು, ಇಲ್ಲಿ ಮೋಟಾರಿನ ಸದ್ದು. ನನಗೆ ಇವು ಬೇಸರದ ಸಂಗತಿಗಳು ಅಷ್ಟೆ. ತಾಯಮ್ಮನಿಗೆ ಹಾಗಿರಲಿಲ್ಲ. ಬಾಗಿಲು ಒಂದೇ, ಅದರಾಚೆ ಯಾವಾಗಲೂ ಜನ. ಅವಳು ಹಗಲೆಲ್ಲ ಚಿಲಕ ಹಾಕಿಕೊಂಡು ಕೂತಳು. ನಲ್ಲಿ ನೀರು, ಅಂಗಡಿ ಎಲ್ಲ ನನ್ನ ಪಾಲಿಗೆ ಬಂತು. ಬಿ ಶಿಫ್ಟ್, ಅಂದರೆ ಮಧ್ಯಾಹ್ನದ ಪಾಳಿ ಇದ್ದ ದಿನ ಬರಿ ಉಪ್ಪುಸಾರು ಮಾಡಿರುತ್ತಿದ್ದಳು. ಸಂಜೆ ಬರುವ ಸೊಪ್ಪಿನವನನ್ನು ಕರೆಯಲು ಅವಳಿಗೆ ದನಿ ಹೊರಡುತ್ತಿರಲಿಲ್ಲ.

ಪಕ್ಕದ ಮನೆಯ ಆ ಹೆಂಗಸಿನ ಹೆಸರು ಶಕೀಲಾ. ಶೆಡ್ಡಿನಲ್ಲಿ ಗೂಡು ಬಿಚ್ಚುವ ಕೆಲಸ. ಅವಳ ಮಕ್ಕಳು ತಾಯಮ್ಮನನ್ನು ‘ಖಾಲಾ’ ಎಂದು ಕರೆಯತೊಡಗಿದರು, ಚಿಕ್ಕಮ್ಮ ಎಂದರ್ಥ. ಮಕ್ಕಳಿಗೆ ಮಾತ್ರ ಅವಳು ಚಿಲಕ ತೆಗೆಯುತ್ತಿದ್ದಳು. ಆಸ್ಪತ್ರೆಗೆ ತೋರಿಸಿ ಎಂದು ಶಕೀಲಾ ಬೆನ್ನು ಬಿಡಲಿಲ್ಲ. ಕೊನೆಗೆ ನನಗೇ ಅಂಗಡಿ, ನೀರು, ಪಾಳಿ ಎಲ್ಲ ಸಾಕಾಗಿ, ವಾರದ ರಜೆಯ ಒಂದು ದಿನ ತಾಯಮ್ಮನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಅವಳ ಮೇಲಿನ ಮರುಕದಿಂದ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ.

ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರಮ್ಮ ಬೆಂಗಳೂರಿನಿಂದ ಬರುತ್ತಿದ್ದರು. ಬೆಂಚಿನ ಮೇಲೆ ಕೂತವರ ಮಾತು ಕೇಳಿ ನಾನು ಬೆರಗಾದೆ. ಒಬ್ಬಳು ಗಾರ್ಮೆಂಟ್ಸ್ ಹುಡುಗಿ, ಕ್ಯಾಂಟೀನಿನಲ್ಲಿ ನಾಲ್ಕು ಜನರ ಎದುರು ಡಬ್ಬಿ ತೆಗೆಯಲಾರೆ ಎನ್ನುತ್ತಿದ್ದಳು. ಬಿಡದಿಯ ಒಬ್ಬ ಯುವಕ, ಇಂಟರ್‌ವ್ಯೂನಲ್ಲಿ ಮೈ ಬೆವರಿ ಹೆಸರೇ ಮರೆತೆ ಎಂದು ನಗುತ್ತಲೇ ಹೇಳಿದ. ಕನಕಪುರದ ಒಬ್ಬರು ತಮ್ಮೂರಿನಲ್ಲಿ ಯಾರಾದರೂ ಕಂಡಾರು ಎಂದು ಎರಡು ಬಸ್ಸು ಬದಲಿಸಿ ಇಲ್ಲಿಗೆ ಬಂದಿದ್ದರು. ಮಾಗಡಿ ಕಡೆಯವರು ನಾವಿಬ್ಬರೇ. ಡಾಕ್ಟರಮ್ಮನೂ ಅದನ್ನೇ ಅಂದರು. ಕಾರ್ಖಾನೆ ಬಂದ ಕಡೆಯವರು ತಾವೇ ಕೇಳಿಕೊಂಡು ಬರುತ್ತಾರೆ, ನಿಮ್ಮ ಕಡೆಯವರು ಬಂದರೂ ತಲೆನೋವು, ನಿದ್ದೆ ಇಲ್ಲ ಎನ್ನುತ್ತಾರೆ, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ನಿಜ ಹೇಳುತ್ತಾರೆ ಎಂದರು. ಆಮೇಲೆ ನಾನು ಈ ಬಗ್ಗೆ ತುಂಬಾ ಯೋಚಿಸಿದ್ದೇನೆ. ಕಾಯಿಲೆ ಎಲ್ಲ ಕಡೆಯೂ ಒಂದೇ ಇರಬೇಕು. ಬಿಡದಿಯಲ್ಲಿ ಬಾಯಿ ಬಿಡದವನಿಗೆ ಕೆಲಸ ಸಿಗುವುದಿಲ್ಲ, ಅದಕ್ಕೆ ಅವನು ಔಷಧಿ ಹುಡುಕುತ್ತಾನೆ. ನಮ್ಮಲ್ಲಿ ಬಾಯಿ ಬಿಡದವಳಿಗೆ ಒಳ್ಳೆಯ ಹೆಸರು ಸಿಗುತ್ತದೆ. ಒಳ್ಳೆಯ ಹೆಸರಿಗೆ ಯಾರು ಔಷಧಿ ಕೇಳುತ್ತಾರೆ?

ಡಾಕ್ಟರಮ್ಮ ಏನು ಕೇಳಿದರೂ ನಾನೇ ಉತ್ತರ ಕೊಟ್ಟೆ. ಯಾವಾಗಿನಿಂದ ಹೀಗೆ ಎಂದರು, ಹೇಳಿದೆ. ಎದೆ ಹೊಡೆದುಕೊಳ್ಳುತ್ತದಾ ಎಂದರು, ಅದಕ್ಕೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ಯಜಮಾನ್ರೇ, ಉಸಿರಾದ್ರೂ ಅವರೇ ಬಿಡ್ತಾರಾ, ಅದನ್ನೂ ನೀವೇ ಬಿಡ್ತೀರಾ?”

ನನ್ನನ್ನು ಹೊರಗೆ ಕಳಿಸಿದರು. ಒಳಗೆ ತಾಯಮ್ಮ ಏನು ಹೇಳಿದಳೋ ಇವತ್ತಿಗೂ ನನಗೆ ಗೊತ್ತಿಲ್ಲ.

ಮಾತ್ರೆ ಕೊಟ್ಟರು. ಜೊತೆಗೆ ಮಾತಿನ ಪಾಠ. ಮೊದಲು ಬಾಗಿಲು ತೆರೆದಿಟ್ಟು ಕೂರಬೇಕು, ಆಮೇಲೆ ಸೊಪ್ಪಿನವನನ್ನು ಕೂಗಬೇಕು, ಆಮೇಲೆ ಅಂಗಡಿ. ತಿಂಗಳುಗಳೇ ಹಿಡಿದವು. ಒಂದು ಸಂಜೆ ನಾನು ಬರುವ ಹೊತ್ತಿಗೆ ಬಾಗಿಲಲ್ಲೇ ಕಾಯುತ್ತಿದ್ದಳು. ಅಂಗಡಿಯವನು ಕೊಳೆತ ಟೊಮೇಟೊ ಹಾಕಿದ್ದನಂತೆ, ಅರ್ಧ ದಾರಿಯಿಂದ ವಾಪಸ್ ಹೋಗಿ ಬದಲಾಯಿಸಿಕೊಂಡು ಬಂದಳಂತೆ. ಆ ಟೊಮೇಟೊಗಳನ್ನು ಸಾರಿಗೆ ಹಾಕದೆ ತಟ್ಟೆಯಲ್ಲಿಟ್ಟು ನನಗೆ ತೋರಿಸಿದಳು. ನನಗೂ ಸಂತೋಷವಾಯಿತು, ಅದು ಸುಳ್ಳಲ್ಲ.

ಆ ವರ್ಷ ಊರಿನಲ್ಲಿ ಅಣ್ಣನ ಹೊಸ ಮನೆಯ ಗೃಹಪ್ರವೇಶ. ಊಟವಾದ ಮೇಲೆ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಾ ನಾನು ಕಾರ್ಖಾನೆಯಲ್ಲಿ ನನ್ನ ಕೈಕೆಳಗಿರುವ ಜನರ ವಿಷಯ ಹೇಳುತ್ತಿದ್ದೆ. ತಾಯಮ್ಮ ಹೊಸ್ತಿಲ ಹತ್ತಿರ ಹೆಂಗಸರ ನಡುವೆ ಕೂತಿದ್ದಳು. ಅತ್ತಿಗೆ ಅವಳನ್ನು ಕೇಳಿದರು, ನಿನ್ನ ಗಂಡ ಅಲ್ಲೇನು ಮಾಡ್ತಾನೆ ಅಂತ. ಅಷ್ಟು ಜನರ ನಡುವೆ, ನಡುಗದ ದನಿಯಲ್ಲಿ, ಅವಳು ಹೇಳಿದಳು:

“ಗೇಟ್ ತಾವ ನಿಂತಿರ್ತಾರೆ ಕಣಕ್ಕ. ಲಾರಿ ಬಂದ್ರೆ ನಂಬರ್ ಬರ್ಕೋತಾರೆ. ಖಾಕಿ ಬಟ್ಟೆ ಐತೆ, ಟೋಪಿನೂ ಕೊಟ್ಟವ್ರೆ.”

ಅವಳು ಹೆಮ್ಮೆಯಿಂದ ಹೇಳಿದ್ದಳು. ಟೋಪಿಯ ಮಾತು ಬಂದಾಗ ಮುಖ ಅರಳಿತ್ತು. ಜಗಲಿಯಲ್ಲಿದ್ದ ನನ್ನ ಹಳೆಯ ಗೆಣೆಕಾರನೊಬ್ಬ, “ಏನ್ಲಾ ರಂಗ, ಆಪೀಸರ್ ಅನ್ಕಂಡಿದ್ದೊ, ಗೇಟ್ ಕಾಯ್ತಿಯೇನ್ಲಾ?” ಅಂದ. ಎಲ್ಲರೂ ನಕ್ಕರು. ಯಾರೋ, “ಮೂಗಿ ಮಾತು ಕಲಿತಳಲ್ಲಪ್ಪ” ಅಂದರು.

ವಾಪಸ್ ಬರುವಾಗ, ಬಸ್ಸು ಮಾಗಡಿ ದಾಟಿದ ಮೇಲೆ, “ನಾನು ತಪ್ಪು ಮಾತಾಡ್ದ್ನಾ?” ಎಂದು ಕೇಳಿದಳು. ಕಿಟಕಿಯ ಕಡೆ ತಿರುಗಿ ಕೂತೆ.

ಈಗ ಬರೆಯಬೇಕಾದ್ದನ್ನು ಬರೆಯುತ್ತೇನೆ. ಮುಂದಿನ ವಾರ ಆಸ್ಪತ್ರೆಯ ದಿನ ಬೆಳಿಗ್ಗೆ ಅವಳು ಸೀರೆ ಉಟ್ಟು ತಯಾರಾದಾಗ, ಡಾಕ್ಟರಮ್ಮನಿಗೆ ವರ್ಗವಾಯಿತಂತೆ, ಅವರ ಜಾಗಕ್ಕೆ ಯಾರೂ ಬಂದಿಲ್ಲವಂತೆ ಎಂದು ಹೇಳಿದೆ. ಅವಳು ಹೂಂ ಎಂದು ಸೀರೆ ಬದಲಾಯಿಸಿದಳು. ಶಕೀಲಾ ಕೇಳಿದಾಗ, ಇನ್ನು ಸಾಕು ಅಂದಿದ್ದಾರೆ ಎಂದೆ. ಮಾತ್ರೆ ತರುತ್ತಿದ್ದವನು ನಾನೇ, ತರುವುದು ನಿಲ್ಲಿಸಿದೆ. ಕೆಲವು ವಾರಗಳಲ್ಲಿ ಅವಳಿಗೆ ತಲೆಸುತ್ತು, ನಿದ್ದೆಗೇಡು. ಆಮೇಲೆ ಅಂಗಡಿ ನಿಂತಿತು, ಸೊಪ್ಪಿನವನು ನಿಂತ, ಚಿಲಕ ಬಿತ್ತು. ಖಾಲಾ ಎಂದು ಕೂಗುವ ಮಕ್ಕಳಿಗೂ ಬಾಗಿಲು ತೆರೆಯಲಿಲ್ಲ. ನಾನು ಎಲ್ಲವನ್ನೂ ನೋಡಿದೆ. ನೋಡುತ್ತಾ ಹಾಗೆಯೇ ಸುಮಾರು ಒಂದು ವರ್ಷ ಕಳೆದೆ. ಊರಿನಿಂದ ಬಂದ ನೆಂಟರು, ತಾಯಮ್ಮ ಮತ್ತೆ ಮೊದಲಿನ ಹಾಗೆ ಸಾಧು ಆದಳು ಎಂದರೆ ನನಗೆ ಒಳಗೊಳಗೆ ನೆಮ್ಮದಿಯಾಗುತ್ತಿತ್ತು.

ಒಂದು ದಿನ ಪಾಳಿ ಮುಗಿಸಿ ಬಂದರೆ ಮನೆಗೆ ಬೀಗ. ಅವಳಿಲ್ಲದೆ ಬೀಗ ಬಿದ್ದ ನನ್ನ ಮನೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಗಲ್ಲಿಯ ತುದಿಯಲ್ಲಿ ಬಂದಳು, ಗೋಡೆಗೆ ಭುಜ ಒರಗಿಸಿಕೊಂಡು, ಬೆವರಿ ಒದ್ದೆಯಾಗಿ. ಕೈಯಲ್ಲಿ ಮಾತ್ರೆಯ ಪೊಟ್ಟಣ. ಶಕೀಲಾಳ ತಮ್ಮ ಅಕ್ಕನ ಮನೆಗೆ ಬಂದವನು ಡಾಕ್ಟರಮ್ಮನನ್ನು ಕಂಡುಬಂದ ಮಾತೆತ್ತಿದ್ದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡು, ಒಬ್ಬಳೇ ಆಸ್ಪತ್ರೆಗೆ ಹೋಗಿಬಂದಿದ್ದಳು. ನನ್ನನ್ನು ದಾಟಿ ಬೀಗ ತೆಗೆದಳು.

“ಡಾಕ್ಟ್ರಮ್ಮ ಬತ್ತಾವ್ರೆ. ಒಂದು ವಾರಾನೂ ತಪ್ಪಿಸಿಲ್ವಂತೆ.”

ಅಷ್ಟೇ ಹೇಳಿ ಒಲೆ ಹಚ್ಚಿದಳು.

ಅಂದಿನಿಂದ ಆಸ್ಪತ್ರೆಗೆ ಅವಳೊಬ್ಬಳೇ ಹೋಗಿಬರುತ್ತಿದ್ದಳು. ಮುಂದೆ ಗುತ್ತಿಗೆದಾರ ಮುದುಕರನ್ನೆಲ್ಲ ಕೆಲಸದಿಂದ ಬಿಡಿಸಿದಾಗ, ಊರಿಗೆ ಮರಳುವುದೆಂದು ನಾನೇ ತೀರ್ಮಾನಿಸಿ ಅಣ್ಣನಿಗೆ ಹೇಳಿ ಕಳಿಸಿದೆ. ಅಣ್ಣ ಟೆಂಪೊ ತಂದರು. ಗಲ್ಲಿಯ ಜನ ಸಾಮಾನು ಎತ್ತಲು ಬಂದು ನಿಂತರು. ತಾಯಮ್ಮ ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ ಅಣ್ಣನಿಗೆ ಹೇಳಿದಳು:

“ಬಾವ, ನಾನು ಬರಕಿಲ್ಲ. ಅಲ್ಲಿ ನಾನು ಮಾತಾಡಿದ್ರೆ ನಿಮ್ ತಮ್ಮಂಗೆ ಅವಮಾನ ಆಯ್ತದೆ. ಇಲ್ಲಿ ಯಾರ್ಗೂ ಏನೂ ಆಗಕಿಲ್ಲ.”

ಟೆಂಪೊ ಖಾಲಿ ಹೋಯಿತು.

ಈಗ ಅವಳು ಶಕೀಲಾ ಕೆಲಸ ಮಾಡುವ ಶೆಡ್ಡಿನಲ್ಲೇ ಗೂಡು ಆರಿಸುತ್ತಾಳೆ. ನಾನು ಎರಡೂ ಕಡೆಯವನು. ಊರಿಗೆ ಹೋದರೆ ಜಗಲಿ ಇದೆ, ಕೂರು ಎನ್ನುವವರಿದ್ದಾರೆ. ಹೆಂಡತಿ ಎಲ್ಲಿ ಎಂದರೆ ಈಗ ಇದ್ದದ್ದನ್ನೇ ಹೇಳುತ್ತೇನೆ, ಮಾಡಿದ್ದನ್ನೂ ಹೇಳುತ್ತೇನೆ. ಕೇಳಿದವರು ಮಾತು ಬದಲಾಯಿಸುತ್ತಾರೆ. ನಾಲ್ಕು ದಿನಕ್ಕೆ ಅಲ್ಲಿ ಬೇಸರವಾಗಿ ಬಸ್ಸು ಹತ್ತುತ್ತೇನೆ. ಇಲ್ಲಿಗೆ ಬಂದರೆ ಗೂಡಿನ ವಾಸನೆಗೆ ಊರು ನೆನಪಾಗುತ್ತದೆ.

ತಾಯಮ್ಮ ಗಲ್ಲಿಯಲ್ಲಿ ಎಲ್ಲರ ಜೊತೆ ಮಾತಾಡುತ್ತಾಳೆ. ಸೊಪ್ಪಿನವನ ಹತ್ತಿರ ಚೌಕಾಸಿ ಮಾಡುತ್ತಾಳೆ, ಹೊಸದಾಗಿ ಬಂದ ಬಾಡಿಗೆಯವರನ್ನು ತಾನೇ ಮಾತಾಡಿಸುತ್ತಾಳೆ, ನಗುತ್ತಾಳೆ. ಒಳಗೆ ಕೂತು ಕೇಳಿಸಿಕೊಳ್ಳುತ್ತೇನೆ. ಆಮೇಲೆ ಒಳಗೆ ಬಂದು ತಟ್ಟೆ ಇಡುತ್ತಾಳೆ. ಬೇಕಾದಷ್ಟೇ ಮಾತು. ಇನ್ನೊಂದು ಮುದ್ದೆ ಇಡಲಾ ಎನ್ನುತ್ತಾಳೆ, ಸಾಕು ಎನ್ನುತ್ತೇನೆ. ಅವಳಿಗೆ ನನ್ನ ಭಯವಿಲ್ಲ. ಈ ಮೌನ ಕಾಯಿಲೆಯಲ್ಲ ಎಂದು ನನಗೆ ಗೊತ್ತು, ಅದಕ್ಕೆ ಡಾಕ್ಟರಮ್ಮನನ್ನು ಕೇಳಿಲ್ಲ.