ಗೆಂಟ್‌ನಲ್ಲಿ ಶೀಲವಂತೆ

ಬೆಳಕು ಹರಿಯುವ ಮುಂಚೆ ಗೇಸ್ಕೆ ಕರುಗಳಿಗೆ ಹಾಲು ಬೆಚ್ಚಗೆ ಮಾಡಿ ಕುಡಿಸಬೇಕು, ಹಾಲು ಕರೆಯುವ ಯಂತ್ರವನ್ನು ಬಿಸಿನೀರಲ್ಲಿ ತೊಳೆಯಬೇಕು, ಗಂಡ ಹಾರ್ಮ್‌ನ ಸಗಣಿ ಮೆತ್ತಿದ ಬಟ್ಟೆ ನೆನೆಹಾಕಬೇಕು, ಅತ್ತೆಯ ಊದಿದ ಕಾಲಿಗೆ ಬಿಗಿ ಕಾಲುಚೀಲ ಏರಿಸಬೇಕು, ಬ್ರೆಡ್ಡಿಗೆ ಬೆಣ್ಣೆ ಸವರಿ ಚೀಸ್ ಇಟ್ಟು ಡಬ್ಬಿ ಕಟ್ಟಬೇಕು. ಹಾಲೆಂಡಿನ ಉತ್ತರದ ತುದಿಯ ನಮ್ಮ ಗ್ರೋನಿಂಗೆನ್ ಸೀಮೆಯಲ್ಲಿ ಇದನ್ನು ಯಾರೂ ಕೆಲಸ ಅನ್ನುವುದಿಲ್ಲ. ಕೆಲಸ ಅಂದರೆ ಹಾರ್ಮ್ ಮಾಡುವುದು.

ಐವತ್ತು ದಾಟಿದ ಮೇಲೆ ಅವಳು ಮೊದಲ ಸಲ ತನಗಾಗಿ ಏನೋ ಕೇಳಿದಳು. ನಾಲ್ಕೇ ದಿನ, ಒಬ್ಬಳೇ, ಬೆಲ್ಜಿಯಂನ ಹಳೆಯ ಪಟ್ಟಣ ಗೆಂಟ್‌ಗೆ. ತಂಗಿಯ ಮಗಳ ಬೆನ್ನುಚೀಲ ಎರವಲು ತಂದಳು. "ಇದನ್ನ ಹೊತ್ಕೊಂಡು ಯಾವ ಹುಡುಗನ ಜೊತೆ ಓಡಿಹೋಗ್ತೀಯೇ?" ಎಂದು ಹಾರ್ಮ್ ನಕ್ಕ. ಅಲ್ಲಿ ಯಾರ ಎಂಜಲು ತಟ್ಟೆಯನ್ನೂ ಮುಟ್ಟುವುದಿಲ್ಲ ಎಂದು ನೆರೆಮನೆಯ ನನ್ನೆದುರು ಹೇಳಿಯೇ ಹೊರಟಳು.

ಇಳಿದುಕೊಂಡದ್ದು ಹುಡುಗ ಹುಡುಗಿಯರು ತುಂಬಿದ ಅಗ್ಗದ ಹಾಸ್ಟೆಲಿನಲ್ಲಿ. ಮೊದಲ ಬೆಳಗ್ಗೆ ಊರಿನ ಹೊತ್ತಿಗೇ ಎಚ್ಚರವಾಯಿತು. ಕೆಳಗಿನ ಅಡಿಗೆಮನೆಯ ಸಿಂಕಿನಲ್ಲಿ ಹಿಂದಿನ ರಾತ್ರಿಯ ಪಾತ್ರೆಗಳ ರಾಶಿ. ಕಾಫಿಗೆಂದು ಒಂದು ಲೋಟ ತೊಳೆಯಲು ಹೋದವಳು ಅಷ್ಟನ್ನೂ ತೊಳೆದು, ಒಲೆ ಉಜ್ಜಿ, ಮೇಜು ಒರೆಸಿದಳು.

ನಿದ್ದೆಗಣ್ಣಲ್ಲಿ ಬಂದ ಬೆಲ್ಜಿಯಂ ಕಡೆಯ ಹುಡುಗಿಯೊಬ್ಬಳು, "ನೀವು ಕೌಸ್ ವ್ರೌ ಅಲ್ವಾ?" ಎಂದು ಕೇಳಿದಳು.

ನಮ್ಮಲ್ಲೂ ಗೆಂಟ್‌ನಲ್ಲೂ ಭಾಷೆ ಒಂದೇ, ಡಚ್. ವ್ರೌ ಅಂದರೆ ಹೆಂಗಸು. ನಮ್ಮಲ್ಲಿ ಕೌಸ್ ಅಂದರೆ ಶೀಲವಂತೆ. ಗೇಸ್ಕೆಯ ಮುಖ ಕೆಂಪಾಯಿತು. "ಹೂಂ ಕಣಮ್ಮ. ಮೂವತ್ತು ವರ್ಷದಿಂದ ಒಬ್ಬನ ಹತ್ರಾನೇ ಇದೀನಿ."

"ಯಜಮಾನರು ಒಳ್ಳೆಯವರಿರ್ಬೇಕು ಬಿಡಿ," ಎಂದ ಹುಡುಗಿ ತಾನು ತಿಂದ ಬಟ್ಟಲನ್ನೂ ಅವಳ ಪಕ್ಕಕ್ಕೆ ಇಟ್ಟು ಹೋದಳು.

ಮರುದಿನವೂ ಹಾಗೆಯೇ. ಬಟ್ಟಲುಗಳು ಬರುತ್ತಿದ್ದವು, ಅವಳು ತೊಳೆಯುತ್ತಿದ್ದಳು. ಕಾಲುವೆ, ಕೋಟೆ, ಇಗರ್ಜಿಗಳೆಲ್ಲ ಮಧ್ಯಾಹ್ನದ ಮೇಲೆ. ಪರವೂರಿನವರೂ ತನ್ನನ್ನು ಕಂಡ ಕೂಡಲೇ ಮರ್ಯಾದಸ್ಥೆ ಅಂದರೆಂದು ಹಾರ್ಮ್‌ಗೆ ಫೋನು ಮಾಡಿ ಹೇಳಿದಳು.

ಮೂರನೆಯ ಬೆಳಗ್ಗೆ ಬಕೆಟ್ಟು, ಮಾಪು ಹಿಡಿದು ಅವಳದೇ ವಯಸ್ಸಿನ ಒಬ್ಬಾಕೆ ಬಾಗಿಲಲ್ಲಿ ನಿಂತಳು. ಹೆಸರು ಗೋಡೆಲೀವ್. "ಯಾರಮ್ಮ ನೀವು? ಇಲ್ಲಿನ ಕೌಸ್ ವ್ರೌ ನಾನು."

ಗೇಸ್ಕೆ ನಗಲು ಹೋದಳು. ಗೋಡೆಲೀವ್ ನಗಲಿಲ್ಲ. ಗೆಂಟ್‌ನಲ್ಲಿ ಕೌಸ್ ವ್ರೌ ಅಂದರೆ ಗುಡಿಸಿ ತೊಳೆಯುವವಳು. ಅಡಿಗೆಮನೆ ತಾನಾಗಿಯೇ ಚೊಕ್ಕವಾಗಿರುತ್ತದಲ್ಲ, ಇನ್ನು ಮೇಲೆ ಒಂದು ಗಂಟೆ ತಡವಾಗಿ ಬಾ, ಅಷ್ಟು ಸಂಬಳ ಕಡಿಮೆ ಎಂದು ಮ್ಯಾನೇಜರ್ ಹೇಳಿದ್ದನಂತೆ.

"ನೀವು ಬಿಟ್ಟಿ ಮಾಡಿದ್ರೆ ನನಗ್ಯಾರು ಕೊಡ್ತಾರೆ? ಊರು ನೋಡೋಕೆ ಬಂದೋರು ಊರು ನೋಡ್ಬೇಕಮ್ಮ."

ಗೇಸ್ಕೆಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೆಲಸದವಳೆಂದು ತಿಳಿದರಲ್ಲ ಎಂಬುದಲ್ಲ ಅವಳ ನಾಚಿಕೆ. ಆ ಮಾತಿಗೆ ತಾನು ಹಿಗ್ಗಿದ್ದು, ಆ ಹಿಗ್ಗಿನಲ್ಲೇ ಇನ್ನೊಬ್ಬಳ ಅನ್ನಕ್ಕೆ ಕೈಹಾಕಿದ್ದು. ಆ ದಿನ ಕಾಲುವೆಯ ದಂಡೆಯಲ್ಲಿ ಕೂತಳು, ಆದರೆ ಏನನ್ನೂ ನೋಡಲಿಲ್ಲ.

ಹೊರಡುವ ದಿನ ಕತ್ತಲಲ್ಲೇ ಚೀಲ ಬೆನ್ನಿಗೇರಿಸಿ ಕೆಳಗಿಳಿದಳು. ಎಲ್ಲರೂ ಮಲಗಿದ್ದರು. ಮೊದಲ ರೈಲು ಹಿಡಿದರೆ ಯಾರಿಗೂ ಮುಖ ತೋರಿಸುವುದು ಬೇಡ, ಸಂಜೆ ಹಾಲು ಕರೆಯುವ ಹೊತ್ತಿಗೆ ಊರು ಸೇರಬಹುದು. ಮ್ಯಾನೇಜರ್ ಬರುವುದು ಆ ರೈಲು ಹೋದ ಮೇಲೆ. ಅವನು ಬಂದಾಗ ಹುಡುಗ ಹುಡುಗಿಯರೆಲ್ಲ ತಿಂಡಿಗೆ ನೆರೆದಿರುತ್ತಾರೆ. ಅಡಿಗೆಮನೆ ತಾನಾಗಿ ಚೊಕ್ಕವಾಗಲಿಲ್ಲ, ನಾನು ಮಾಡಿದೆ, ನಾನು ಇವತ್ತು ಹೋಗುತ್ತೇನೆ, ಗೋಡೆಲೀವ್‌ಳ ಆ ಒಂದು ಗಂಟೆ ಅವಳಿಗೆ ಕೊಡಿ ಎಂದು ಅವರೆಲ್ಲರ ಮುಂದೆ ಹೇಳಬೇಕಾಗುತ್ತದೆ.

ಸಿಂಕಿನಲ್ಲಿ ಪಾತ್ರೆಗಳು ತುಂಬಿದ್ದವು. ಗೇಸ್ಕೆ ಬೆನ್ನಿನ ಚೀಲ ಇಳಿಸಿ ನೆಲಕ್ಕಿಟ್ಟಳು, ಹೊರಬಾಗಿಲ ಬಳಿಯ ಮ್ಯಾನೇಜರನ ಮೇಜಿನೆದುರು ಕುರ್ಚಿ ಎಳೆದುಕೊಂಡು ಕೂತಳು.