ಕರೆಂಟಿಲ್ಲದ ಹೊತ್ತಿನ ಕಂಡೆನ್ಸರ್

ಇವತ್ತು ಹಾಸನದ ಅಂಗಡಿಯೊಂದರಲ್ಲಿ ಪಂಪ್‌ಸೆಟ್ಟಿನ ಕಂಡೆನ್ಸರ್ ಕಂಡು ನನ್ನ ಕೈ ತಾನಾಗಿ ಹಿಂದೆ ಸರಿಯಿತು. ಹಿರೀಸಾವೆಯಲ್ಲಿ ಬಾವಿಯಂಚಿನ ನಮ್ಮ ಮೋಟಾರ್ ಮನೆಯಲ್ಲೂ ಒಂದಿತ್ತು, ಮೂರು ಫೇಸ್ ಕರೆಂಟಿನ ಬದಲು ಎರಡೇ ಬಂದಾಗ ಮೋಟಾರು ಓಡಿಸಲು. ಅದನ್ನು ಮುಟ್ಟುವ ಮುನ್ನ ಅಪ್ಪ ನನ್ನನ್ನು ದೂರ ನಿಲ್ಲಿಸಿ, ಎರಡೂ ತುದಿಗೆ ಸ್ಕ್ರೂಡ್ರೈವರ್ ತಾಗಿಸಿ ಟಪ್ಪೆಂದು ಕಿಡಿ ಹಾರಿಸುತ್ತಿದ್ದರು. "ಕರೆಂಟ್ ಓದ್ರೂ ಇದ್ರೊಳ್ಗೆ ಇರ್ತದೆ ಕಣ್ಲಾ."

ಅಪ್ಪ ಊರಲ್ಲಿಲ್ಲದ ಒಂದು ದಿನ ಕರೆಂಟು ಹೋದಾಗ, ಸಡಿಲವಾಗಿದ್ದ ವೈರು ಬಿಗಿಯಲು ಚಿಕ್ಕಪ್ಪ ಅದಕ್ಕೆ ಬರಿಗೈ ಹಾಕಿದ. ಹೊಡೆತಕ್ಕೆ ಹಿಂದಕ್ಕೆ ಹಾರಿ ಬಾವಿಗೆ ಬಿದ್ದವನು ಬದುಕಿ ಬರಲಿಲ್ಲ.

"ಊರಿಗೇ ಕರೆಂಟಿರ್ಲಿಲ್ಲ, ನನ್ ಮಗಂಗೆ ಎಂಗ್ಲಾ ಒಡೀತು?" ಎಂದು ಅಜ್ಜಿ ಅಪ್ಪನನ್ನು ದಿನವೂ ಕೇಳುತ್ತಿದ್ದಳು. ಅಪ್ಪ ಪ್ರತಿ ಸಲವೂ ವಿವರಿಸುತ್ತಿದ್ದರು.

"ಈಗಿನವು ಒಂದ್ನಿಮಿಷಕ್ಕೆ ತಾವೇ ಖಾಲಿಯಾಯ್ತವೆ ಸಾ," ಎಂದ ಅಂಗಡಿಯವನು, ನನ್ನ ಕೈ ಸರಿದದ್ದು ನೋಡಿ.

ಅಜ್ಜಿ ಸಾಯುವ ದಿನವೂ ಅದನ್ನೇ ಕೇಳಿದ್ದಳು.