ಸಿಂಗಾಪುರದಿಂದ ಬರಬೇಕಿದ್ದ ಫೋನು

ಇದನ್ನು ನಂಬಿಸಲು ನನ್ನ ಹತ್ತಿರ ಸಾಕ್ಷಿ ಏನೂ ಇಲ್ಲ. ಆ ರಾತ್ರಿ ಜೊತೆಗಿದ್ದ ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದಾರೆ. ಇನ್ನೊಬ್ಬರು, ಈ ಮಾತು ತೆಗೆದರೆ ಸಾಕು, ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾರೆ. ನಾನೂ ಇಷ್ಟು ವರ್ಷ ಸುಮ್ಮನಿದ್ದೆ. ಈಗ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ತೊಂಬತ್ತರ ದಶಕದ ನಡುವಿನ ಮಾತು. ನಾನು ರಾಯಬಾಗದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಶಾಲೆಯ ಹಿಂದೆಯೇ ನನ್ನ ಬಾಡಿಗೆ ಖೋಲಿ. ಆ ವರ್ಷ ಪುಣೆಯ ಪ್ರವಾಸ ಕಂಪನಿಯೊಂದು ಹೈಸ್ಕೂಲು ಮಕ್ಕಳನ್ನು ದೀಪಾವಳಿ ರಜೆಯಲ್ಲಿ ಸಿಂಗಾಪುರಕ್ಕೆ ಶೈಕ್ಷಣಿಕ ಪ್ರವಾಸ ಕರೆದೊಯ್ಯುತ್ತೇವೆಂದು ಶಾಲೆ ಶಾಲೆಗೂ ಹೇಳಿ ಕಳಿಸಿತ್ತು. ನಮ್ಮಲ್ಲಿಂದಲೂ ಅನುಕೂಲಸ್ಥರ ಮನೆಯ ಕೆಲವು ಮಕ್ಕಳು ಹೊರಟರು. ಊರಿಗೆಲ್ಲ ಅದೊಂದು ಸುದ್ದಿ. ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಪೊಲೀಸಪ್ಪನಿಗೆ ಓಣಿಯವರೆಲ್ಲ ಚಹಾ ಕುಡಿಸಿದ್ದರು.

ಹೋದವರಲ್ಲಿ ಪದ್ಮಾ ಒಬ್ಬಳು. ಒಂಬತ್ತನೆಯ ಇಯತ್ತೆ. ಉಗಾರ ಬುದ್ರುಕದ ಕಬ್ಬಿನ ರೈತರಾದ ಭೂಪಾಲಣ್ಣ, ಸುಶೀಲಕ್ಕ ಎಂಬ ಜೈನ ದಂಪತಿಯ ಒಬ್ಬಳೇ ಮಗಳು. ಓದಲೆಂದು ರಾಯಬಾಗದ ಸೋದರಮಾವನ ಮನೆಯಲ್ಲಿ ಇದ್ದಳು. ಹೊರಡುವ ದಿನ ಸುಶೀಲಕ್ಕ ಡಬ್ಬಿಗಟ್ಟಲೆ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಕಟ್ಟಿ ತಂದು ನನ್ನನ್ನು ಮೂಲೆಗೆ ಕರೆದು ಕೇಳಿದ್ದರು.

"ಅಕ್ಕೋರ, ಅಲ್ಲಿ ಹೊತ್ತ ಮುಳಗೂದು ಎಷ್ಟಕ್ರಿ? ಹೊತ್ತ ಮುಳಗೂದ್ರಾಗ ಉಣ್ಣು ಅಂತ ಹೇಳೇನಿ. ಅಕಿಗೆ ತಿಳಿತೈತಿಲ್ಲೋ..."

ನಾನು ನಕ್ಕು ಧೈರ್ಯ ಹೇಳಿದ್ದೆ.

ಮಕ್ಕಳ ಜೊತೆ ಹೋದವರು ನಮ್ಮ ಕುಲಕರ್ಣಿ ಸರ್. ದಿನಾ ಸಂಜೆ ಅವರು ಅಲ್ಲಿಂದ ಶಾಲೆಗೆ ಫೋನು ಮಾಡಬೇಕು, ನಾನು ಆಫೀಸಿನಲ್ಲಿ ಕೂತು ಎತ್ತಬೇಕು, ಬೇಕಾದ ಪಾಲಕರು ಬಂದು ಮಾತಾಡಬಹುದು. ಹೀಗೆ ಏರ್ಪಾಟು. ಮೊದಲ ಸಂಜೆ ಸರ್ "ಎಲ್ಲಾರೂ ಆರಾಮ ಮುಟ್ಟೇವಿ" ಎಂದಷ್ಟೇ ಹೇಳಿ ಇಟ್ಟರು. ಮರುದಿನ ಒಂದಿಬ್ಬರು ಮಕ್ಕಳು ಮಾತಾಡಿದರು. ಪದ್ಮಾ ದಣಿದು ಮಲಗಿದ್ದಾಳೆ ಎಂದರು.

ಮೂರನೆಯ ಸಂಜೆ ಭೂಪಾಲಣ್ಣ, ಸುಶೀಲಕ್ಕ ಮಗಳ ದನಿ ಕೇಳಿಯೇ ಹೋಗುವುದೆಂದು ತಮ್ಮ ಹಳೆಯ ಜೀಪಿನಲ್ಲಿ ಬಂದರು. ಉಳಿದ ಪಾಲಕರೂ ಇದ್ದರು. ಫೋನು ಬರಲಿಲ್ಲ. ಕಾದರು... ಕಾದರು... ಒಬ್ಬೊಬ್ಬರಾಗಿ ಎದ್ದು ಹೋದರು. ಹೊರಗೆ ಕತ್ತಲು ಗಟ್ಟಿಯಾಯಿತು. ಕೊನೆಗೆ ಆಫೀಸಿನಲ್ಲಿ ಉಳಿದದ್ದು ನಾವು ಮೂವರೇ. ಎಲ್ಲಿಂದಲೋ ಕಬ್ಬಿನ ಟ್ರ್ಯಾಕ್ಟರ್ ಹೋಗುವ ಸದ್ದು, ಬಲ್ಬಿನ ಸುತ್ತ ಹುಳಗಳ ಗುಂಯ್‌ಗುಡಿತ, ಅಷ್ಟೇ.

"ಇನ್ನ ಬರೂದಿಲ್ಲ ಬಿಡ್ರಿ, ನಡೀರಿ" ಎಂದು ಭೂಪಾಲಣ್ಣ ಎದ್ದರು.

ಆಗ ಫೋನು ಹೊಡೆದುಕೊಂಡಿತು.

ಎತ್ತಿದೆ. ಪರದೇಶದ ಫೋನೆಂದರೆ ಆಗ ಸುಂಯ್ ಎಂಬ ಗಾಳಿಯ ಸದ್ದು, ನಮ್ಮ ಮಾತೇ ನಮಗೆ ತಿರುಗಿ ಕೇಳುವುದು... ಅದೇನೂ ಇರಲಿಲ್ಲ. ಪಕ್ಕದ ಖೋಲಿಯಿಂದ ಮಾತಾಡಿದಷ್ಟು ಸ್ಪಷ್ಟ.

"ಅಕ್ಕೋರ... ನಾನ್ರಿ, ಪದ್ಮಾ."

"ಪದ್ಮಾ, ಹೆಂಗ ಅದಿ? ಸರ್ ಎಲ್ಲಿ?"

"ನಾ ಸಿಂಗಾಪುರಕ್ಕ ಹೋಗಿಲ್ರಿ ಅಕ್ಕೋರ. ಮುಂಬೈದಾಗ ನನ್ನ ಬಿಟ್ಟು ಹೋದ್ರು... ನಾ ಒಬ್ಬಾಕಿನ ರೈಲಿಗೆ ಬಂದೆ. ಇಲ್ಲೇ ಕುಡಚಿ ಹೊಳಿ ದಂಡಿಗೆ ಕುಂತೇನಿ. ಅಪ್ಪಗ ಕೊಡ್ರಿ."

ಮಗು ಅಲ್ಲಿಯೇ ಉಳಿದಿದ್ದರೆ ಕುಲಕರ್ಣಿ ಸರ್ ಎರಡು ದಿನ ನಮಗೆ ಸುಳ್ಳು ಹೇಳಿದರೇ? ಅದಕ್ಕೇ ಇವತ್ತು ಫೋನು ಮಾಡಲಿಲ್ಲವೇ? ರಿಸೀವರನ್ನು ಭೂಪಾಲಣ್ಣನ ಕೈಗೆ ಕೊಟ್ಟೆ.

ಅವರು ಕೇಳಿಸಿಕೊಂಡದ್ದೇ ಹೆಚ್ಚು, ಆಡಿದ್ದು ಕಡಿಮೆ. "ಹೂಂ... ಹೂಂ... ಅಲ್ಲೇ ಇರವ್ವಾ, ಬಂದೆ." ಫೋನು ಇಟ್ಟಾಗ ಅವರ ಮುಖ ಬೂದಿ ಬಳಿದ ಹಾಗಿತ್ತು.

"ಒಬ್ಬಾವನ ಬಾ ಅಂದ್ಳು" ಎಂದರು. "ನೀವ್ ಇಲ್ಲೇ ಇರ್ರಿ."

"ನನ್ನ ಮಗಳು ಹೊಳಿ ದಂಡ್ಯಾಗ ಕುಂತಾಳಂದ್ರ ನಾ ಇಲ್ಲಿ ಕುಂದರ್ಲಿ?" ಸುಶೀಲಕ್ಕ ಆಗಲೇ ಹೊರಗೆ ಇಳಿದಿದ್ದರು. ನಾನೂ ಆಫೀಸಿಗೆ ಕೀಲಿ ಹಾಕಿ ಜೀಪಿನ ಹಿಂದಿನ ಸೀಟಿಗೆ ಹತ್ತಿದೆ. ಮಗಳನ್ನು ಕಳಿಸಿದ್ದು ಶಾಲೆ. ಬರುವುದಿಲ್ಲ ಎನ್ನುವ ಬಾಯಿ ನನಗಿರಲಿಲ್ಲ.

ದಾರಿಯುದ್ದಕ್ಕೂ ಎರಡೂ ಕಡೆ ಎತ್ತರದ ಕಬ್ಬು. ಲೈಟಿನ ಬೆಳಕು ಬಿದ್ದಷ್ಟೇ ರಸ್ತೆ. ಚಿಂಚಲಿ ದಾಟಿದ ಮೇಲೆ ನನಗೊಂದು ವಿಚಾರ ಬಂತು.

ಹೊಳೆಯ ದಂಡೆಯಲ್ಲಿ ಫೋನು ಎಲ್ಲಿಂದ ಬರಬೇಕು?

ಊರೊಳಗಿನ ಬೂತಿನಿಂದ ಮಾಡಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅವಳ ಮಾತಿನ ಹಿಂದೆ ಒಂದು ಸದ್ದಿತ್ತು. ಆಗ ಗಮನಿಸಿರಲಿಲ್ಲ, ಈಗ ಕಿವಿಯಲ್ಲಿ ಮತ್ತೆ ಕೇಳಿಸತೊಡಗಿತು. ನೀರಿನ ಸದ್ದು. ಕಲ್ಲಿನ ಸಂದಿಯಲ್ಲಿ ನೀರು ನುಗ್ಗಿ ಹಿಂದೆ ಸರಿಯುವಾಗಿನ ಗುಳು ಗುಳು.

ಇದನ್ನು ಹೇಳಲೋ ಬೇಡವೋ ಎನ್ನುವಷ್ಟರಲ್ಲಿ ಕುಡಚಿ ಬಂತು. ಊರು ಮಲಗುವ ಹೊತ್ತು. ಹೊಳೆಯ ಕಡೆ ತಿರುಗುವಲ್ಲಿ ಒಬ್ಬ ಮುದುಕ ಪಾನ್ ಅಂಗಡಿಯ ಬಾಗಿಲು ಹಾಕುತ್ತಿದ್ದ. ಭೂಪಾಲಣ್ಣ ಜೀಪು ನಿಲ್ಲಿಸಿ ಕೇಳಿದರು.

"ಚಾಚಾ, ಒಂದ ಹುಡಗಿ ಹೊಳಿ ಕಡೆ ಹೋಗಿದ್ದು ನೋಡಿರೇನು?"

ಮುದುಕ ಕೈಯಲ್ಲಿದ್ದ ಹಲಗೆಯನ್ನು ಕೆಳಗಿಟ್ಟ. ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ.

"ಯಾರೂ ಹೋಗಿಲ್ಲ ಸಾವಕಾರ. ಕತ್ತಲ್ಯಾಗ ಕೆಳಗ ಇಳೀಬ್ಯಾಡ್ರಿ." ಹಲಗೆ ಮತ್ತೆ ಎತ್ತಿಕೊಳ್ಳುತ್ತ, "ಇಳದ್ರೂ ಒಬ್ಬರ ಇಳೀಬ್ಯಾಡ್ರಿ" ಎಂದ.

ಭೂಪಾಲಣ್ಣ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ಜೀಪು ಮುಂದೆ ಹೋಯಿತು.

ಸೇತುವೆಗೆ ಮೊದಲೇ ಮಣ್ಣಿನ ದಾರಿಯೊಂದು ಹೊಳೆಗೆ ಇಳಿಯುತ್ತದೆ. ಬಟ್ಟೆ ಒಗೆಯುವ ಕಲ್ಲುಗಳಿರುವ ಜಾಗ. ಭೂಪಾಲಣ್ಣ ಎಂಜಿನ್ ನಿಲ್ಲಿಸಿ ಲೈಟು ಮಾತ್ರ ಉರಿಯಬಿಟ್ಟರು. ಬೆಳಕು ನೀರಿನವರೆಗೆ ಮುಟ್ಟಲಿಲ್ಲ. ನಡುವೆ ಮಂಜು ಬಿಳಿಯ ಗೋಡೆಯ ಹಾಗೆ ನಿಂತಿತ್ತು. ಆಚೆ ದಂಡೆಯ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಸಿಹಿ ನಾತ ದಾರಿಯುದ್ದಕ್ಕೂ ಬಂದದ್ದು, ಅಲ್ಲಿ ಇಳಿದ ಕೂಡಲೇ ಕಡಿದು ಹಾಕಿದ ಹಾಗೆ ನಿಂತುಹೋಯಿತು. ಬದಲಿಗೆ ಹಸಿ ರಾಡಿಯ ವಾಸನೆ... ಬಹಳ ದಿನ ಮುಚ್ಚಿಟ್ಟ ಬಾವಿಯದು ಇರುತ್ತದಲ್ಲ, ಅಂಥದು.

"ಪದ್ಮಾ..." ಭೂಪಾಲಣ್ಣ ಕರೆದರು.

ಏನೂ ಇಲ್ಲ. ಹೊಳೆ ಹರಿಯುವ ಸದ್ದು ಕೂಡ ಇರಲಿಲ್ಲ.

ಆಮೇಲೆ ಮಂಜಿನ ಒಳಗಿನಿಂದ ದನಿ ಬಂತು.

"ಅಪ್ಪಾ... ಇಲ್ಲೇ ಅದೇನಿ, ಬಾ."

ಪದ್ಮಾಳದೇ ದನಿ. ಎರಡು ವರ್ಷ ತರಗತಿಯಲ್ಲಿ ಕೇಳಿದ ದನಿ, ಅದರಲ್ಲಿ ನನಗೆ ಅನುಮಾನವಿಲ್ಲ. ಅಳು ಇರಲಿಲ್ಲ, ಹೆದರಿಕೆ ಇರಲಿಲ್ಲ. ಊಟಕ್ಕೆ ಕರೆಯುವಷ್ಟು ನಿರಾಳವಾಗಿ ಕರೆಯುತ್ತಿತ್ತು.

"ಬಂದ್ನವ್ವಾ" ಎಂದು ಭೂಪಾಲಣ್ಣ ಚಪ್ಪಲಿ ಕಳಚಿದರು. ಯಾಕೆ ಕಳಚಿದರೋ. ಬಸದಿಗೆ ಹೋಗುವವರಂತೆ ಜೋಡಿಸಿಟ್ಟು, ಕಲ್ಲಿನ ಮೇಲೆ ಕಾಲಿಟ್ಟು ನೀರಿಗಿಳಿದರು. ನಾನು ಹಿಡಿಯಲು ಹೋದೆ. ನನ್ನ ಕಾಲು ಏಳಲಿಲ್ಲ.

"ಅಪ್ಪಾ... ಇನ್ನೊಂದ ಸ್ವಲ್ಪ ಬಾ."

ಸುಶೀಲಕ್ಕ ಅಲ್ಲಿಯತನಕ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಈ ಎರಡನೆಯ ಕರೆ ಕೇಳಿದ್ದೇ ಅವರ ನೋಟವೇ ಬದಲಾಯಿತು. ನೇರ ನೀರಿಗೆ ನುಗ್ಗಿ ಗಂಡನ ಅಂಗಿಯ ಕಾಲರು ಹಿಡಿದರು.

"ಅಕಿ ನಮ್ಮ ಪದ್ಮಾ ಅಲ್ಲ."

"ಬಿಡ, ಬಿಡ ನನ್ನ..."

"ನಮ್ಮ ಪದ್ಮಾ ಹುಟ್ಟಿದಾಗಿಂದ ನಿಮ್ಮನ್ನ ಕಾಕಾ ಅಂತಾಳ. ಒಂದ ದಿನಾನೂ ಅಪ್ಪಾ ಅಂದಾಕಿ ಅಲ್ಲ."

ಅವರದು ಕೂಡಿದ ಮನೆ. ಅಣ್ಣಂದಿರ ಮಕ್ಕಳೆಲ್ಲ ಭೂಪಾಲಣ್ಣನನ್ನು ಕಾಕಾ, ಅಂದರೆ ಚಿಕ್ಕಪ್ಪ, ಎನ್ನುತ್ತಿದ್ದರು, ಅದನ್ನೇ ಕೇಳಿ ಬೆಳೆದ ಮಗಳೂ ತಂದೆಗೆ ಕಾಕಾ ಎನ್ನುತ್ತಿದ್ದಳು. ಫೋನಿನಲ್ಲಿ ಆ ಹೊತ್ತಿನ ಗಾಬರಿಗೆ ತಂದೆಗೂ ಅದು ಹೊಳೆದಿರಲಿಲ್ಲ.

ಭೂಪಾಲಣ್ಣ ಆಗಲೂ ಮುಂದಕ್ಕೇ ಜಗ್ಗುತ್ತಿದ್ದರು. ನೀರು ಸೊಂಟಕ್ಕೆ ಬಂದಿತ್ತು. ಗಂಡನಿಗೆ ಎಂದೂ ಏಕವಚನ ಆಡದ ಹೆಂಗಸು, ಇಡೀ ಹೊಳೆಗೆ ಕೇಳಿಸುವಂತೆ ಒದರಿದರು.

"ಹಿಂದಕ್ಕ ಸರಿ. ಹಿಂದಕ್ಕ ಸರೀ ಅಂತೇನಿ."

ಭೂಪಾಲಣ್ಣ ನಿದ್ದೆಯಿಂದ ಎದ್ದವರಂತೆ ನಿಂತರು. ತಮ್ಮ ಸುತ್ತಲಿನ ನೀರು ನೋಡಿಕೊಂಡರು. ನನ್ನ ಕಾಲಿಗೂ ಜೀವ ಬಂತು. ನಾನೂ ಸುಶೀಲಕ್ಕನೂ ಸೇರಿ ಅವರನ್ನು ದಂಡೆಗೆ ಎಳೆದುಕೊಂಡೆವು. ಮಂಜಿನೊಳಗೆ ಏನೋ ಒಂದು ಸಾವಕಾಶ ಮುಳುಗಿದ ಸದ್ದಾಯಿತು... ಕೊಡ ತುಂಬಿ ಕೆಳಗಿಳಿದಂತೆ. ಅದಾದ ಮೇಲೆಯೇ ಹೊಳೆ ಹರಿಯುವುದು ಮತ್ತೆ ಕೇಳಿಸಿತು.

ತಿರುಗಿ ಬರುವಾಗ ಮುದುಕ ಅಂಗಡಿ ಮುಚ್ಚಿಯೂ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದ. ಒದ್ದೆಯಾದ ನಮ್ಮನ್ನು ನೋಡಿ ಎದ್ದು ಬಂದ.

"ಮೂವರೂ ಬಂದ್ರಿ... ಶುಕರ್ ಐತಿ" ಎಂದ. "ಬ್ಯಾಸಗ್ಯಾಗ ಒಬ್ಬಾವ ಹಿಂಗ ಮಗನ್ನ ಹುಡುಕ್ಕೋತ ಬಂದಿದ್ದ. ಮಗಾ ಪುಣಾದಾಗ ನೌಕರಿಗೆ ಆರಾಮ ಇದ್ದ. ಇಂವಾ ಒಬ್ಬಾವನ ಕೆಳಗ ಇಳದ."

"ಆಮ್ಯಾಲೆ?" ಎಂದೆ ನಾನು.

"ಮುಂಜಾನೆ ಚಪ್ಪಲಿ ಸಿಕ್ಕವು. ಜೋಡಿಸಿ ಇಟ್ಟಿದ್ದ."

ಆ ರಾತ್ರಿ ಮೂವರೂ ರಾಯಬಾಗಕ್ಕೆ ಮರಳಿ ಶಾಲೆಯ ಆಫೀಸಿನಲ್ಲೇ ಕುಳಿತೆವು. ಸುಶೀಲಕ್ಕನ ಬಾಯಲ್ಲಿ ಣಮೋಕಾರ ಮಂತ್ರ. ಭೂಪಾಲಣ್ಣ ಬರಿಗಾಲಲ್ಲಿ ಗೋಡೆಗೆ ಒರಗಿದ್ದರು. ಕುಲಕರ್ಣಿ ಸರ್ ಕೊಟ್ಟಿದ್ದ ಹಾಸ್ಟೆಲಿನ ನಂಬರಿಗೆ ಎಷ್ಟು ಸಲ ಪ್ರಯತ್ನಿಸಿದರೂ ಲೈನು ಸಿಗಲಿಲ್ಲ.

ಬೆಳಕು ಹರಿಯುವಾಗ ಫೋನು ಬಂತು. ಮೂವರೂ ನೋಡುತ್ತ ಕುಳಿತೆವು. ಎತ್ತುವ ಧೈರ್ಯ ಯಾರಿಗೂ ಆಗಲಿಲ್ಲ. ಕೊನೆಗೆ ನಾನೇ ಎತ್ತಿದೆ. ಸುಂಯ್ ಎಂಬ ಗಾಳಿ, ನನ್ನದೇ "ಹಲೋ" ನನಗೆ ತಿರುಗಿ ಕೇಳಿತು. ಅದೆಷ್ಟು ಸಮಾಧಾನವಾಯಿತೋ ಹೇಳಲಾರೆ.

ಕುಲಕರ್ಣಿ ಸರ್.

"ಮೇಡಂ, ನಿನ್ನೆ ಫೋನ್ ಮಾಡ್ಲಿಕ್ಕೆ ಆಗ್ಲಿಲ್ಲ. ಪದ್ಮಾ ಊಟದ ಮ್ಯಾಲೆ ಕಾಣ್ತಿರ್ಲಿಲ್ಲ. ಅರ್ಧ ರಾತ್ರಿ ಹುಡುಕಿದ್ವಿ. ಹಾಸ್ಟೆಲ್ ಹಿಂದ ಸಮುದ್ರ ಐತಿ... ಅಲ್ಲಿ ಸಿಕ್ಕಳು. ಈಗ ಆರಾಮ ಇದ್ದಾಳ. ಅವರ ಮನಿಯವ್ರಿಗೆ ಹೆಂಗ ಹೇಳ್ಬೇಕು ಗೊತ್ತಾಗ್ವಲ್ದು."

"ಅವ್ರು ಇಲ್ಲೇ ಅದಾರ ಸರ್. ಅಕಿ ಕೈಯಾಗ ಕೊಡ್ರಿ" ಎಂದು ರಿಸೀವರನ್ನು ಸುಶೀಲಕ್ಕನಿಗೆ ಹಿಡಿದೆ. ಅವರು ಅದನ್ನು ಮುಟ್ಟದೆ ಕಿವಿಯನ್ನಷ್ಟೇ ತಂದರು. ನಾನೂ ತಲೆ ಹಚ್ಚಿದೆ.

"ಅವ್ವಾ... ಕಾಕಾ ಎಲ್ಲಿ ಅದಾನ?"

ಸುಶೀಲಕ್ಕನ ಕಣ್ಣಿಂದ ಆಗ ನೀರು ಇಳಿಯಿತು.

"ಇಲ್ಲೇ ಅದಾರ. ನೀ ಯಾಕ ಹೋಗಿದ್ದಿ ಸಮುದ್ರಕ್ಕ?"

"ಕಾಕಾ ಕರ್ಯಾಕತ್ತಿದ್ದ ಅವ್ವಾ. ಕಿಡಕಿ ಹೊರಗ ನಿಂತು ಕರದ. ನಾ ಹಿಂದ ಹೋದೆ... ನೀರಾಗ ಅದಾನ ಅನ್ನಸ್ತು. ಇಳದೆ. ಆಮ್ಯಾಲೆ ನೀ ಬೈದಿ."

"ನಾ ಏನ ಬೈದೆ?"

"ಹಿಂದಕ್ಕ ಸರಿ ಅಂದಿ. ಜೋರಾಗಿ. ಅಲ್ಲೇ ನಿಂತ್ಬಿಟ್ಟೆ."

ಅಲ್ಲಿನ ಹೊತ್ತಿಗೂ ಇಲ್ಲಿನ ಹೊತ್ತಿಗೂ ಇರುವ ಅಂತರವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಕಲಿಸಿದ್ದೆ. ಅವತ್ತು ಲೆಕ್ಕ ಹಾಕಿ ನೋಡಿದೆ. ಹೊಂದಿಕೆಯಾಯಿತು. ಮತ್ತೆಂದೂ ಆ ಲೆಕ್ಕ ಹಾಕಲಿಲ್ಲ.

ಪದ್ಮಾ ಕ್ಷೇಮವಾಗಿ ಬಂದಳು. ಅವಳ ಕೈಯಲ್ಲಿ ಸಿಂಗಾಪುರದ ಚಾಕಲೇಟು, ನನಗೊಂದು ಕೀ ಚೈನು. ಈಗ ಅವಳು ಎರಡು ಮಕ್ಕಳ ತಾಯಿ. ಆ ರಾತ್ರಿಯ ವಿಷಯ ಅವಳಿಗೆ ಯಾರೂ ಹೇಳಿಲ್ಲ. ಭೂಪಾಲಣ್ಣ ಆಮೇಲೆ ಸಾಯುವತನಕ ಹೊತ್ತು ಮುಳುಗಿದ ಮೇಲೆ ಆ ಸೇತುವೆ ದಾಟಲಿಲ್ಲ. ಮುಂದಿನ ವರ್ಷ ಪ್ರವಾಸದವರು ಮತ್ತೆ ಬಂದಾಗ ಶಾಲೆ ಬೇಡವೆಂದಿತು. ಕಾರಣ ಕೇಳಿದರೆ ಪಾಲಕರಿಗೆ ಇಷ್ಟವಿಲ್ಲ ಎಂದರು, ಅಷ್ಟೇ.

ನಾನು ಈಗ ನಿವೃತ್ತಳಾಗಿ ಚಿಕ್ಕೋಡಿಯಲ್ಲಿ ಇದ್ದೇನೆ. ಹೊಳೆ ಇಲ್ಲಿಂದ ದೂರ. ಆದರೂ ಒಂದು ಮಾತು ಆ ಗಂಡಹೆಂಡತಿಗೂ ನಾನು ಹೇಳಿರಲಿಲ್ಲ.

ಅವತ್ತು ಭೂಪಾಲಣ್ಣನನ್ನು ಜೀಪಿಗೆ ಹತ್ತಿಸಿ ನಾನು ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಎಂಜಿನ್ ಒಮ್ಮೆಗೇ ಚಾಲೂ ಆಗಲಿಲ್ಲ. ಆ ಸ್ವಲ್ಪ ಹೊತ್ತಿನಲ್ಲಿ ಹಿಂದಿನಿಂದ, ಕಿವಿಯ ಹತ್ತಿರವೇ, ಯಾರೋ ನನ್ನನ್ನು ಕರೆದರು. ಪದ್ಮಾಳ ದನಿಯಲ್ಲ. ಅಥಣಿಯಲ್ಲಿ ಇದ್ದ ನನ್ನ ಅಕ್ಕನ ದನಿ. ಚಿಕ್ಕಂದಿನಲ್ಲಿ ನನಗಿಟ್ಟ, ಮನೆಯವರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲದ ಹೆಸರು ಹಿಡಿದು ಕರೆಯಿತು.

ಆ ಸಲ ಹೆಸರು ತಪ್ಪಿರಲಿಲ್ಲ.

ನಾನು ತಿರುಗಿ ನೋಡಲಿಲ್ಲ. ಅಷ್ಟರಲ್ಲಿ ಎಂಜಿನ್ ಚಾಲೂ ಆಯಿತು. ಅಕ್ಕ ಇನ್ನೂ ಇದ್ದಾಳೆ, ಆಗಾಗ ಬಂದು ನನ್ನ ಹತ್ತಿರ ನಾಲ್ಕು ದಿನ ಇದ್ದು ಹೋಗುತ್ತಾಳೆ. ಒಳಗಿನ ಖೋಲಿಯಿಂದ ಅವಳು ಆ ಹೆಸರಿನಿಂದ ಕರೆದರೆ ನಾನು ಓಗೊಡುವುದಿಲ್ಲ. ಕಿವಿ ಮಂದವಾಯಿತೇ ನಿನಗೆ ಎಂದು ಬೈಯುತ್ತ ಬರುತ್ತಾಳೆ.

ಅವಳ ಮುಖ ಬಾಗಿಲಲ್ಲಿ ಕಾಣುವತನಕ ನಾನು ಕೂತಲ್ಲಿಂದ ಏಳುವುದಿಲ್ಲ.